ಕಿವಿ ಮಂದವಾದವರೂ ನೆರೆಹೊರೆಯ ನೆರವೂ

“ಕಿವುಡನ ಮುಂದೆ ಕಿನ್ನರಿ ಬಾರಿಸಿದಂತೆ” ಎಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಕುರುಡನನ್ನು ಕಂಡರೆ ಕೈಹಿಡಿದು ದಾರಿ ದಾಟಿಸುವ ನಮ್ಮ ಜನವು ಕಿವುಡನನ್ನು ಕಂಡರೆ ನಗುವುದೇಕೆಂಬುದು ಯೋಚಿಸತಕ್ಕ ವಿಷಯ. ಕಣ್ಣಿಲ್ಲದವನ ಕಷ್ಟವು ನೋಡುವವರಿಗೆ ಕಾಣುತ್ತದೆ. ಕಿವಿ ಕೇಳದವನ ಕಷ್ಟವು ಯಾರಿಗೂ ಕಾಣುವುದಿಲ್ಲ. ಅವನು ಎಲ್ಲರಂತೆ ನಡೆಯುತ್ತಾನೆ, ದುಡಿಯುತ್ತಾನೆ, ಉಣ್ಣುತ್ತಾನೆ. ಒಂದು ಕೇಳಿದರೆ ಮತ್ತೊಂದು ಉತ್ತರ ಕೊಟ್ಟಾಗ ಮಾತ್ರ ಸುತ್ತಲಿನವರಿಗೆ ಅವನ ನ್ಯೂನತೆ ತಿಳಿಯುತ್ತದೆ. ತಿಳಿದೊಡನೆ ನಗೆ ಬರುತ್ತದೆ. ನಾಲ್ಕು ಸಾರಿ ನಗೆಗೀಡಾದವನು ಐದನೆಯ ಸಾರಿ ಮಾತಿಗೇ ಬರುವುದಿಲ್ಲ. ಹೀಗೆ ಮನೆ ತುಂಬ ಜನರಿದ್ದೂ ಅವನು ಒಬ್ಬಂಟಿಯಾಗುತ್ತಾನೆ. ಈ ಒಂಟಿತನವನ್ನು ನೀಗುವ ನೆರವು ನಮ್ಮ ರಾಜಧಾನಿಯಲ್ಲಿ ಯಾವ ಯಾವ ಬಗೆಯಲ್ಲಿ ದೊರೆಯುವುದು, ಅದು ಮನೆಯ ಬಾಗಿಲವರೆಗೆ ಬಾರದಿರಲು ಕಾರಣವೇನು, ಮನೆಯವರೂ ನೆರೆಯವರೂ ಮಾಡತಕ್ಕದ್ದೇನು ಎಂಬುದನ್ನು ಈ ಲೇಖನದಲ್ಲಿ ವಾಚಕರೊಡನೆ ವಿಚಾರಮಾಡಬೇಕೆಂದಿದ್ದೇವೆ.

ಬೆಂಗಳೂರಿನ ಅಂಚಿನಲ್ಲಿ ಮೂರು ದೊಡ್ಡ ಕೈಗಾರಿಕಾ ಪ್ರದೇಶಗಳುಂಟು. ವಾಯವ್ಯದಲ್ಲಿ ಪೀಣ್ಯ, ಅಲ್ಲಿ ಲೇತು, ಪ್ರೆಸ್ಸು, ಉಜ್ಜುವ ಚಕ್ರ ಇವುಗಳ ಸದ್ದು ಬೆಳಗಿನಿಂದ ಇರುಳವರೆಗೆ ನಿಲ್ಲುವುದಿಲ್ಲ. ಪೂರ್ವದಲ್ಲಿ ವೈಟ್‌ಫೀಲ್ಡ್, ೧೮೮೨ರಲ್ಲಿ ಆಂಗ್ಲೋ-ಇಂಡಿಯನ್ನರ ವಸಾಹತಾಗಿ ಹುಟ್ಟಿದ ಈ ಊರಿನ ಸುತ್ತ ಇಂದು ಗಣಕಯಂತ್ರದ ಕಚೇರಿಗಳೂ ಮುಗಿಲೆತ್ತರದ ವಸತಿಗಳೂ ಎದ್ದಿವೆ. ದಕ್ಷಿಣದ ಕಡೆಗೆ ಎಲೆಕ್ಟ್ರಾನಿಕ್ ಸಿಟಿ. ಇದಕ್ಕಾಗಿ ಕಿಯೋನಿಕ್ಸ್ ಸಂಸ್ಥೆಯು ೧೯೭೮ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ ೩೩೨ ಎಕರೆ ನೆಲವನ್ನು ಕೊಂಡಿತು. ಈ ಮೂರು ಕಡೆಗಳಿಗೂ ದೂರದೂರದ ಜಿಲ್ಲೆಗಳಿಂದಲೂ ಹೊರ ರಾಜ್ಯಗಳಿಂದಲೂ ಜನರು ಹೊಟ್ಟೆಪಾಡಿಗಾಗಿ ಬಂದು ನೆಲೆಸಿರುವರು. ಹುಟ್ಟೂರಿನಲ್ಲಾದರೆ ಕಿವಿ ಮಂದವಾದವನಿಗೆ ಅಣ್ಣತಮ್ಮಂದಿರು, ಅಂಗಡಿಯವನು, ಬಾವಿಕಟ್ಟೆಯ ಪರಿಚಯದವರು ಇದ್ದಾರು. ಇಲ್ಲಿ ಪಕ್ಕದ ಮನೆಯವರ ಹೆಸರೇ ತಿಳಿಯದು. ಆದುದರಿಂದಲೇ ಈ ಪ್ರದೇಶಗಳಲ್ಲಿ ಕಿವಿಯ ನಷ್ಟವು ಇಮ್ಮಡಿ ನಷ್ಟವಾಗುವುದು.

ಸದ್ದಿನಿಂದ ಕಿವಿ ಕೆಡುವುದು ಹೊಸ ಸಂಗತಿಯೇನಲ್ಲ. ಸುಮಾರು ೩೦೦ ವರ್ಷಗಳ ಹಿಂದೆಯೇ ಇಟಲಿಯ ವೈದ್ಯ ರಾಮಾಝಿನಿಯು ದಿನವೆಲ್ಲ ತಾಮ್ರ ಬಡಿಯುವ ಕುಶಲಿಗಳು ಮುಪ್ಪಿನಲ್ಲಿ ಕಿವುಡರಾಗುವುದನ್ನು ಬರೆದಿಟ್ಟನು. ೧೮೮೬ರಲ್ಲಿ ಗ್ಲಾಸ್ಗೋ ನಗರದ ವೈದ್ಯ ಥಾಮಸ್ ಬಾರ್ ಎಂಬಾತನು ಬಾಯ್ಲರು ಕಟ್ಟುವ ೧೦೦ ಮಂದಿ ಕೆಲಸಗಾರರ ಕಿವಿಗಳನ್ನು ಪರೀಕ್ಷಿಸಿ, ಅವರಲ್ಲಿ ಬಹುಮಂದಿಗೆ ಶ್ರವಣಶಕ್ತಿ ಕುಂದಿರುವುದನ್ನು ಲೋಕಕ್ಕೆ ತಿಳಿಸಿದನು. ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಂದು ನಾಳವುಂಟು. ಅದರೊಳಗೆ ಸುಮಾರು ೧೫,೦೦೦ ಸೂಕ್ಷ್ಮವಾದ ರೋಮಕೋಶಗಳಿವೆ. ಗಾಳಿಯಲ್ಲಿ ತೇಲಿಬಂದ ಸದ್ದಿನ ಅಲೆಗೆ ಇವು ಪೈರಿನಂತೆ ಬಾಗಿ ಬಳುಕಿ ನರಕ್ಕೆ ಸುದ್ದಿ ಮುಟ್ಟಿಸುತ್ತವೆ. ಸದ್ದು ಅತಿಯಾದರೆ ಪೈರು ನೆಲಕಚ್ಚಿದಂತೆ ಇವು ಬಾಗಿದಲ್ಲಿಯೇ ಬಿದ್ದು ಸಾಯುವುವು. ಹೊಲದ ಪೈರನ್ನು ಮತ್ತೆ ಬಿತ್ತಬಹುದು. ಮನುಷ್ಯನ ಕಿವಿಯ ಈ ಪೈರು ಮತ್ತೆ ಬೆಳೆಯುವುದಿಲ್ಲ. ಒಂದು ತೋಳಿನಷ್ಟು ದೂರದಲ್ಲಿ ನಿಂತವನೊಡನೆ ಕೂಗಿಯೇ ಮಾತಾಡಬೇಕಾಗಿ ಬಂದರೆ ಆ ಸ್ಥಳದ ಸದ್ದು ಕಿವಿಗೆ ಕೇಡೆಂದು ತಿಳಿಯಬೇಕು. ಇದಕ್ಕೆ ಯಂತ್ರವೇನೂ ಬೇಡ.

ಈ ಕೇಡು ಒಂದೇ ದಿನದಲ್ಲಿ ಆಗುವುದಿಲ್ಲವಾದುದರಿಂದ ಅದು ಮೊದಲು ಗೊತ್ತಾಗುವುದು ಕಾರ್ಖಾನೆಯಲ್ಲಿಯೂ ಅಲ್ಲ, ಆಸ್ಪತ್ರೆಯಲ್ಲಿಯೂ ಅಲ್ಲ, ಮನೆಯಲ್ಲಿ. ಸದ್ದಿನಿಂದ ಮೊದಲು ಹಾಳಾಗುವುದು ಕೀಚಲು ದನಿಗಳನ್ನು ಹಿಡಿಯುವ ಶಕ್ತಿ. ನಮ್ಮ ಮಾತಿನಲ್ಲಿ ಆ, ಓ ಮುಂತಾದ ಸ್ವರಗಳು ತಗ್ಗಿನ ದನಿಯವು. ಸ, ಶ, ಕ, ತ, ಪ ಮುಂತಾದ ವ್ಯಂಜನಗಳಲ್ಲಿ ಎತ್ತರದ ದನಿ ಹೆಚ್ಚು. ಆದುದರಿಂದ ಕಿವಿ ಕೆಟ್ಟವನಿಗೆ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ‘ಕಡೆ’ ಎಂದರೆ ‘ತಡೆ’ಯೋ ‘ಪಡೆ’ಯೋ ಎಂದು ಅವನು ಊಹಿಸಬೇಕು. ನಿಶ್ಶಬ್ದವಾದ ಕೋಣೆಯಲ್ಲಿ ಎದುರು ಕುಳಿತು ಆಡಿದ ಮಾತು ತಿಳಿದೀತು. ಒಲೆಯ ಮೇಲೆ ಒಗ್ಗರಣೆ ಸಿಡಿಯುತ್ತಿರುವಾಗ ಅಡುಗೆಮನೆಯಿಂದ ಕೂಗಿದ್ದು ತಿಳಿಯದು. ಇದನ್ನರಿಯದ ಮನೆಯವರು, “ಬೇಕಾದದ್ದು ಕೇಳುತ್ತದೆ, ಬೇಡವಾದದ್ದು ಕೇಳುವುದಿಲ್ಲ” ಎಂದು ಆಕ್ಷೇಪಿಸುವರು. ಈ ಒಂದು ಮಾತು ಎಷ್ಟು ಸಂಸಾರಗಳಲ್ಲಿ ಮನಸ್ತಾಪಕ್ಕೆ ಕಾರಣವಾಗಿದೆಯೋ ಹೇಳಲಾಗದು. ಗಂಡನು ಅಸಡ್ಡೆ ಮಾಡುತ್ತಾನೆಂದು ಹೆಂಡತಿಯೂ, ಎಲ್ಲರೂ ತನ್ನನ್ನು ಬಿಟ್ಟು ಪಿಸುಗುಟ್ಟುತ್ತಾರೆಂದು ಗಂಡನೂ ನೊಂದುಕೊಳ್ಳುವರು. ತಪ್ಪು ಇಬ್ಬರದೂ ಅಲ್ಲ, ಕಿವಿಯದು. ಈ ತಿಳಿವಳಿಕೆಯೊಂದೇ ಮನೆಗೆ ಅರ್ಧ ಔಷಧವೆಂದು ನಾವು ಹೇಳುವೆವು.

ದುಡಿಮೆಯಿಂದ ಹೋದ ಕಿವಿಗೆ ಕಾನೂನು ಕುರುಡಾಗಿಲ್ಲ. ಕಾರ್ಖಾನೆಯ ನಿಯಮಗಳು ದಿನಕ್ಕೆ ಎಂಟು ಗಂಟೆಗಳ ಕೆಲಸಕ್ಕೆ ೯೦ ಡೆಸಿಬೆಲ್ ಸದ್ದನ್ನು ಮೇರೆಯಾಗಿ ಗೊತ್ತುಮಾಡಿದವು. ನಾವು ಸಾಮಾನ್ಯವಾಗಿ ಆಡುವ ಮಾತು ೬೦ ಡೆಸಿಬೆಲ್ಲಿನ ಆಸುಪಾಸಿನದು. ೧೯೪೮ರ ಕಾರ್ಖಾನೆಗಳ ಕಾಯಿದೆಯು ಸದ್ದಿನಿಂದಾದ ಶ್ರವಣನಷ್ಟವನ್ನು ಸರ್ಕಾರಕ್ಕೆ ವರದಿಮಾಡಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿಕೊಂಡಿತ್ತು. ಅದರ ಬದಲಿಗೆ ಬಂದ ೨೦೨೦ರ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ನೌಕರರ ರಾಜ್ಯ ವಿಮೆಯ ಶಾಸನದಲ್ಲಿಯೂ ಇದು ವೃತ್ತಿರೋಗವೆಂದೇ ಗಣಿತವಾಗಿತ್ತು. ಈ ವಿಮೆಗೆ ಸೇರಿದವರಿಗಾಗಿ ಪೀಣ್ಯದಲ್ಲಿಯೇ ಒಂದು ಇಎಸ್‌ಐ ಆಸ್ಪತ್ರೆಯುಂಟು. ರಾಜಾಜಿನಗರದಲ್ಲಿ ಇನ್ನೂ ದೊಡ್ಡದೊಂದುಂಟು. ಸಂಬಳದಿಂದ ತಿಂಗಳು ತಿಂಗಳೂ ವಿಮೆಯ ಹಣ ಕಳೆದುಹೋಗುತ್ತಿದ್ದರೂ, ಕಿವಿಯ ಪರೀಕ್ಷೆ ಅದರೊಳಗೆ ಬರುತ್ತದೆಂಬುದು ಎಷ್ಟೋ ಕೆಲಸಗಾರರಿಗೆ ತಿಳಿಯದು. ತಿಳಿದವರಲ್ಲಿ ಕೆಲವರು ಹೆದರುತ್ತಾರೆ: ಕಿವಿ ಕೇಳದೆಂದು ಬರೆಯಿಸಿಕೊಂಡರೆ ಕೆಲಸದಿಂದ ತೆಗೆದಾರು ಎಂಬ ಹೆದರಿಕೆ. ಈ ಹೆದರಿಕೆಯನ್ನು ಹಗುರವಾಗಿ ಎಣಿಸಕೂಡದು. ಆದರೆ ಮುಚ್ಚಿಟ್ಟ ಕಿವಿ ಇನ್ನೂ ಕೆಡುತ್ತದೆ. ಹಿಂದಿನಿಂದ ಬರುವ ಗಾಡಿಯ ಸದ್ದನ್ನೂ ಅಪಾಯದ ಸೈರನ್ನನ್ನೂ ಕೇಳದವನಿಗೆ ಹೋಗುವುದು ಕೆಲಸವೊಂದೇ ಅಲ್ಲ.

ಕಾರ್ಖಾನೆಯ ಗದ್ದಲವಿಲ್ಲದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ತೊಂದರೆಯ ಬಗೆ ಬೇರೆ. ಅಲ್ಲಿನ ತರುಣರು ಇಡೀ ದಿನ ಕಿವಿಗೆ ದನಿಯಂತ್ರವನ್ನು ಸಿಕ್ಕಿಸಿಕೊಂಡು ದುಡಿಯುವರು; ಮನೆಗೆ ಬರುವ ದಾರಿಯಲ್ಲಿ ಅದೇ ಯಂತ್ರದಿಂದ ಸಂಗೀತ ಕೇಳುವರು. ವಿಶ್ವ ಆರೋಗ್ಯ ಸಂಸ್ಥೆಯು ೮೦ ಡೆಸಿಬೆಲ್ ಸದ್ದನ್ನು ವಾರಕ್ಕೆ ೪೦ ಗಂಟೆ ಕೇಳುವುದನ್ನು ಮೇರೆಯೆಂದಿದೆ. ಸದ್ದು ೯೦ಕ್ಕೇರಿದರೆ ಆ ಮೇರೆ ವಾರಕ್ಕೆ ೪ ಗಂಟೆಗಿಳಿಯುವುದು. ಇನ್ನೊಂದು ಬಗೆಯವರು ವೃದ್ಧರು. ಧಾರವಾಡದಿಂದಲೋ ಹಾಸನದಿಂದಲೋ ಮಗನ ಮನೆಗೆ ಬಂದು ಹತ್ತನೆಯ ಅಂತಸ್ತಿನಲ್ಲಿ ವಾಸಮಾಡುವ ತಾಯಿತಂದೆಗಳಿಗೆ ನೆರೆಯವರ ಭಾಷೆಯೇ ಅನೇಕ ವೇಳೆ ಹೊಸದು. ಅದರ ಮೇಲೆ ಮುಪ್ಪಿನಿಂದ ಕಿವಿಯೂ ಮಂದವಾದರೆ ಅವರ ಲೋಕವೆಲ್ಲ ಒಂದು ಕಿಟಕಿಯಷ್ಟಾಗುವುದು. ಇದು ದುಃಖದ ಮಾತು ಮಾತ್ರವಲ್ಲ, ಆರೋಗ್ಯದ ಮಾತೂ ಹೌದು. ನೆನಪಿನ ಶಕ್ತಿ ಅಳಿಯುವ ರೋಗಕ್ಕೆ ಕಾರಣಗಳನ್ನು ವಿಚಾರಿಸಿದ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ಮಂಡಲಿಯು ೨೦೨೦ರಲ್ಲಿಯೂ ೨೦೨೪ರಲ್ಲಿಯೂ, ತಡೆಯಲು ಸಾಧ್ಯವಾದ ಕಾರಣಗಳ ಪೈಕಿ ಶ್ರವಣನಷ್ಟವನ್ನು ಮುಖ್ಯವಾದುದೆಂದು ಎಣಿಸಿದೆ. ಕಿವಿಗೆ ಮಾತು ಬೀಳದಿದ್ದರೆ ಮನಸ್ಸಿಗೂ ಗ್ರಾಸವಿಲ್ಲದಂತಾಗುವುದು.

ಇನ್ನು ನೆರವಿನ ವಿಷಯ. ಈ ಬಗೆಯ ಸೇವೆಯಲ್ಲಿ ಕನ್ನಡ ನಾಡು ಹಿಂದುಳಿದಿಲ್ಲ. ಮೈಸೂರಿನಲ್ಲಿ ೧೯೦೧ರಷ್ಟು ಹಿಂದೆಯೇ ಕಿವುಡ ಮತ್ತು ಕುರುಡ ಮಕ್ಕಳಿಗಾಗಿ ಶಾಲೆ ಪ್ರಾರಂಭವಾಯಿತು. ಅದೇ ಮೈಸೂರಿನ ಮಾನಸಗಂಗೋತ್ರಿಯಲ್ಲಿ ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ದೇಶಕ್ಕೆಲ್ಲ ಶ್ರವಣತಜ್ಞರನ್ನು ತರಬೇತುಮಾಡಿ ಕಳುಹಿಸುತ್ತಾ ಬಂದಿದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಸಂಸ್ಥೆಯ ವಾಕ್ ಶ್ರವಣ ವಿಭಾಗ, ೧೯೦೦ರಲ್ಲಿ ಪ್ರಾರಂಭವಾದ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ಕಿವಿ-ಮೂಗು-ಗಂಟಲಿನ ಚಿಕಿತ್ಸಾಲಯ, ಲಿಂಗರಾಜಪುರದ ಡಾಕ್ಟರ್ ಎಸ್. ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಇವು ಕಿವಿಯನ್ನು ಪರೀಕ್ಷಿಸಿ ಸಲಹೆ ಕೊಡುತ್ತವೆ. ಅದೇ ಲಿಂಗರಾಜಪುರದಲ್ಲಿ ೧೯೫೯ರಲ್ಲಿ ಹುಟ್ಟಿದ ಅಂಗವಿಕಲರ ಸಂಘವು ಶಿಕ್ಷಣಕ್ಕೂ ಜೀವನೋಪಾಯಕ್ಕೂ ದಾರಿ ತೋರಿಸುತ್ತದೆ. ಕೇಂದ್ರ ಸರ್ಕಾರವು ೧೯೮೧ರಲ್ಲಿ ಪ್ರಾರಂಭಿಸಿದ ‘ಆಡಿಪ್’ ಎಂಬ ಯೋಜನೆಯ ಮೂಲಕ ಕಡಮೆ ಆದಾಯದವರಿಗೆ ಶ್ರವಣಯಂತ್ರಗಳು ಉಚಿತವಾಗಿ ಸಿಗುವುದುಂಟು. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಎರಡೂ ಕಿವಿಗಳಲ್ಲಿ ೬೦ರಿಂದ ೭೦ ಡೆಸಿಬೆಲ್ ನಷ್ಟವಾದವರನ್ನು ಮಂದಶ್ರವಣದವರೆಂದೂ, ೭೦ ಮುಟ್ಟಿದವರನ್ನು ಕಿವುಡರೆಂದೂ ಗಣಿಸಿ, ಸರ್ಕಾರದ ಉದ್ಯೋಗಗಳಲ್ಲಿ ಈ ಎರಡು ವರ್ಗಕ್ಕೂ ಸೇರಿ ಶೇಕಡಾ ೧ ಮೀಸಲಿಟ್ಟಿದೆ. ಇವಕ್ಕೆಲ್ಲ ಬೇಕಾದ ಗುರುತಿನ ಚೀಟಿಗೆ ಅರ್ಜಿ ಹಾಕುವುದು ಹೇಗೆಂದು ಹೇಳಿಕೊಡಲು ಗ್ರಾಮಗಳಲ್ಲಿಯೂ ನಗರದ ವಾರ್ಡುಗಳಲ್ಲಿಯೂ ಪುನರ್ವಸತಿ ಕಾರ್ಯಕರ್ತರನ್ನು ನಮ್ಮ ರಾಜ್ಯ ಸರ್ಕಾರವು ಇಟ್ಟಿದೆ.

ಇಷ್ಟೆಲ್ಲ ಇದ್ದೂ ಜನರು ಅಲ್ಲಿಗೆ ಏಕೆ ಹೋಗುವುದಿಲ್ಲ? ದೂರವೊಂದು ಕಾರಣ, ಒಂದು ದಿನದ ಕೂಲಿ ಹೋಗುವುದು ಮತ್ತೊಂದು. ದೂರವು ಈಚೆಗೆ ಸ್ವಲ್ಪ ಕಡಮೆಯಾಗಿದೆ. ಪೀಣ್ಯಕ್ಕೆ ೨೦೧೪ರಲ್ಲಿಯೂ, ವೈಟ್‌ಫೀಲ್ಡಿನಿಂದ ನಗರದ ನಡುವಿಗೆ ೨೦೨೩ರಲ್ಲಿಯೂ, ಎಲೆಕ್ಟ್ರಾನಿಕ್ ಸಿಟಿಗೆ ೨೦೨೫ರ ಆಗಸ್ಟಿನಲ್ಲಿಯೂ ಮೆಟ್ರೋ ರೈಲು ಬಂದಿತು. ಕೃಷ್ಣರಾಜೇಂದ್ರ ಮಾರುಕಟ್ಟೆಯ ನಿಲ್ದಾಣದಲ್ಲಿಳಿದರೆ ವಿಕ್ಟೋರಿಯಾ ಆಸ್ಪತ್ರೆ ಹತ್ತಿರವೇ. ಆದರೆ ರೈಲು ಕಡಮೆಮಾಡಲಾರದ ದೂರವೊಂದುಂಟು, ಅದು ನಾಚಿಕೆ. ಕಣ್ಣಿಗೆ ಕನ್ನಡಕ ಹಾಕಿಕೊಂಡವನನ್ನು ವಿದ್ವಾಂಸನೆನ್ನುತ್ತೇವೆ. ಕಿವಿಗೆ ಯಂತ್ರ ಹಾಕಿಕೊಂಡವನನ್ನು ಮುದುಕನೆನ್ನುತ್ತೇವೆ. ಮದುವೆಯಾಗಬೇಕಾದ ಹೆಣ್ಣುಮಗಳಾದರಂತೂ ಮನೆಯವರೇ ಯಂತ್ರವನ್ನು ಪೆಟ್ಟಿಗೆಯಲ್ಲಿಡುವರು. ಅವಳು ಕೇಳದೆ ಬಾಳಲಿ, ಆದರೆ ಕೇಳದೆಂಬುದು ಊರಿಗೆ ತಿಳಿಯದಿರಲಿ ಎಂಬ ಈ ನ್ಯಾಯವು ಎಷ್ಟು ಕ್ರೂರವೆಂಬುದನ್ನು ಹೆತ್ತವರು ಯೋಚಿಸಬೇಕು.

ಯಂತ್ರವನ್ನು ಕೊಂಡವರ ಮನೆಗಳಲ್ಲಿಯೂ ಅದು ಬೀರುವಿನಲ್ಲಿ ಮಲಗಿರುವುದನ್ನು ನಾವು ಕಾಣುತ್ತೇವೆ. ಇದಕ್ಕೆ ಕಾರಣವುಂಟು. ವರ್ಷಗಳಿಂದ ನಿಶ್ಶಬ್ದಕ್ಕೆ ಒಗ್ಗಿದವನಿಗೆ ಯಂತ್ರ ಹಾಕಿದ ದಿನ ಪಾತ್ರೆಯ ಸದ್ದು ಸಿಡಿಲಿನಂತೆಯೂ, ಕಾಗದದ ಮರ್ಮರವು ಗದ್ದಲದಂತೆಯೂ ಕೇಳುವುದು. ಮನಸ್ಸು ಇದಕ್ಕೆ ಹೊಂದಿಕೊಳ್ಳಲು ಕೆಲವು ವಾರಗಳು ಬೇಕು. ಮೊದಮೊದಲು ಶಾಂತವಾದ ಕೋಣೆಯಲ್ಲಿ ದಿನಕ್ಕೊಂದೆರಡು ಗಂಟೆ, ಒಬ್ಬರೊಡನೆಯೇ ಮಾತು, ಅನಂತರ ಮನೆಯವರೆಲ್ಲರೊಡನೆ, ಕಡೆಗೆ ಸಂತೆ, ಬಸ್ಸು, ಮದುವೆಮನೆ. ನಡುವೆ ಒಂದೆರಡು ಸಾರಿಯಾದರೂ ತಜ್ಞರಲ್ಲಿಗೆ ಹೋಗಿ ಯಂತ್ರವನ್ನು ಹದಕ್ಕೆ ತರಿಸಬೇಕು. ಬೆವರು, ಗುಗ್ಗೆ ಇವುಗಳಿಂದ ಅದನ್ನು ಕಾಪಾಡಬೇಕು. ಅದರ ಗುಂಡಿಯಂಥ ಬ್ಯಾಟರಿಯನ್ನು ಮಕ್ಕಳ ಕೈಗೆ ಸಿಕ್ಕದಂತಿಡಬೇಕು. ನುಂಗಿದರೆ ಪ್ರಾಣಕ್ಕೆ ಅಪಾಯ. ಈ ಕೆಲವು ವಾರಗಳಲ್ಲಿ ಜೊತೆಗೆ ನಿಂತು ಧೈರ್ಯ ಹೇಳುವವರೊಬ್ಬರಿದ್ದರೆ ಯಂತ್ರವು ಕಿವಿಯಲ್ಲಿ ಉಳಿಯುವುದು. ಇಲ್ಲವಾದರೆ ಬೀರುವಿಗೆ ಹೋಗುವುದು. ಸಮುದಾಯದ ನೆರವೆಂದರೆ ಮುಖ್ಯವಾಗಿ ಇದೇ. ಯಂತ್ರವನ್ನು ಸರ್ಕಾರ ಕೊಟ್ಟೀತು, ದಾನಿಗಳು ಕೊಟ್ಟಾರು. ಜೊತೆಗಾರರನ್ನು ನೆರೆಹೊರೆಯೇ ಕೊಡಬೇಕು.

ಕೂಸುಗಳ ವಿಷಯದಲ್ಲಿ ಮಾತ್ರ ಕಾಯುವುದಕ್ಕೆ ಎಡೆಯಿಲ್ಲ. ಹುಟ್ಟುಕಿವುಡಾದ ಮಗುವಿಗೆ ಮಾತು ಬರದಿರುವುದು ನಾಲಿಗೆಯ ದೋಷದಿಂದಲ್ಲ, ಕೇಳದುದರಿಂದ. ಮಗುವಿಗೆ ಒಂದು ತಿಂಗಳಾಗುವುದರೊಳಗೆ ಕಿವಿಯ ಪರೀಕ್ಷೆ, ಮೂರು ತಿಂಗಳೊಳಗೆ ದೋಷದ ನಿರ್ಣಯ, ಆರು ತಿಂಗಳೊಳಗೆ ಪರಿಹಾರದ ಪ್ರಾರಂಭ, ಇದು ತಜ್ಞರು ಒಪ್ಪಿದ ಕ್ರಮ. ಮಲಗಿರುವ ಕೂಸಿನ ಕಿವಿಗೆ ಚಿಕ್ಕದೊಂದು ನಳಿಗೆಯಿಟ್ಟು ಕೆಲವು ನಿಮಿಷಗಳಲ್ಲಿ ಮಾಡುವ ಈ ಪರೀಕ್ಷೆಯಿಂದ ನೋವೇನೂ ಆಗದು. ತೀವ್ರವಾದ ಕಿವುಡಿರುವ ಎಳೆಯ ಮಕ್ಕಳ ಒಳಗಿವಿಗೆ ಶಸ್ತ್ರಚಿಕಿತ್ಸೆಯಿಂದ ಕಾಕ್ಲಿಯರ್ ಸಾಧನವನ್ನು ಅಳವಡಿಸಲು ರಾಜ್ಯ ಸರ್ಕಾರದ ‘ಶ್ರವಣ ಸಂಜೀವಿನಿ’ ಯೋಜನೆಯು ನೆರವಾಗಿದೆ. ಆದರೆ ಶಸ್ತ್ರಚಿಕಿತ್ಸೆಯ ಮೇಲೆ ವರ್ಷಗಟ್ಟಲೆ ಮಾತು ಕಲಿಸಬೇಕಾದವಳು ತಾಯಿ. ಗಾರ್ಮೆಂಟ್ ಕಾರ್ಖಾನೆಗೆ ಬೆಳಗ್ಗೆ ಹೋಗಿ ಸಂಜೆ ಬರುವ ತಾಯಿಗೆ ವಾರಕ್ಕೆರಡು ದಿನ ಮಗುವನ್ನು ಪಾಠಕ್ಕೆ ಕರೆದೊಯ್ಯಲು ಯಾರು ಒತ್ತಾಸೆಯಾಗುವರು? ಇಲ್ಲಿಯೂ ನೆರೆಹೊರೆಯ ಮಾತೇ ಮತ್ತೆ ಬರುವುದು.

ಯಂತ್ರದಿಂದಲೂ ಕೇಳದವರಿಗೆ ಕೈಯೇ ನಾಲಿಗೆ, ಕಣ್ಣೇ ಕಿವಿ. ಅವರ ಸಂಜ್ಞಾಭಾಷೆಯು ಬರಿಯ ಕೈಸನ್ನೆಯಲ್ಲ; ತನ್ನದೇ ವ್ಯಾಕರಣವುಳ್ಳ ಭಾಷೆ. ೨೦೧೫ರಲ್ಲಿ ದೆಹಲಿಯಲ್ಲಿ ಇದಕ್ಕಾಗಿ ಸ್ಥಾಪಿತವಾದ ಕೇಂದ್ರವು ೨೦೧೮ರಲ್ಲಿ ೩,೦೦೦ ಪದಗಳ ಭಾರತೀಯ ಸಂಜ್ಞಾಕೋಶವನ್ನು ಹೊರತಂದಿತು. ೨೦೨೧ರ ವೇಳೆಗೆ ಅದು ೧೦,೦೦೦ ಪದಗಳಾಗಿ ಬೆಳೆಯಿತು. ಕಿವಿ ಕೇಳದವರು ಕೆಲಸದಲ್ಲಿ ಯಾರಿಗೂ ಕಡಮೆಯಲ್ಲವೆಂಬುದಕ್ಕೆ ನಮ್ಮ ಸಮೀಪದಲ್ಲಿಯೇ ನಿದರ್ಶನಗಳುಂಟು. ಎಲೆಕ್ಟ್ರಾನಿಕ್ ಸಿಟಿಯಿಂದ ಗಡಿ ದಾಟಿದೊಡನೆ ಸಿಗುವ ಹೊಸೂರಿನ ಟೈಟಾನ್ ಗಡಿಯಾರದ ಕಾರ್ಖಾನೆಯಲ್ಲಿ ಇಂಥವರು ಸೂಕ್ಷ್ಮವಾದ ಕೆಲಸಗಳನ್ನು ಮಾಡುತ್ತಾ ಬಂದಿರುವರು. ೧೯೯೯ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎನೇಬಲ್ ಇಂಡಿಯಾ ಸಂಸ್ಥೆಯು ವಿಕಲಚೇತನರಿಗೆ ತರಬೇತು ಕೊಡುವುದಲ್ಲದೆ, ಅವರನ್ನು ನಡೆಸಿಕೊಳ್ಳುವ ರೀತಿಯನ್ನು ಮಾಲಿಕರಿಗೂ ಕಲಿಸುತ್ತದೆ. ಕಲಿಯಬೇಕಾದವರು ಕಿವುಡರು ಮಾತ್ರವಲ್ಲವೆಂಬ ಈ ಕ್ರಮವು ನಮಗೆ ಬಹಳ ಮೆಚ್ಚಿಗೆಯಾಗಿದೆ.

ಹಾಗಾದರೆ ಒಂದು ಬಡಾವಣೆಯ ಸಂಘವಾಗಲಿ, ಒಂದು ಕಾರ್ಖಾನೆಯ ನೌಕರರಾಗಲಿ ಮಾಡಬಹುದಾದುದೇನು? ವರ್ಷಕ್ಕೊಂದೆರಡು ಭಾನುವಾರ ಶ್ರವಣತಜ್ಞರನ್ನು ಕರೆಯಿಸಿ ಸ್ಥಳದಲ್ಲಿಯೇ ಪರೀಕ್ಷೆ ಮಾಡಿಸಿದರೆ ಯಾರ ಕೂಲಿಯೂ ಹೋಗದು. ಯಂತ್ರ ಹಾಕಿಕೊಂಡು ಪಳಗಿದವರೊಬ್ಬರನ್ನು ಹೊಸಬರಿಗೆ ಜೊತೆಗಾರರನ್ನಾಗಿ ಗೊತ್ತುಮಾಡಬಹುದು. ವೈದ್ಯರ ಹತ್ತು ಮಾತಿಗಿಂತ ಅನುಭವಿಯ ಒಂದು ಮಾತು ಹೆಚ್ಚು ನಾಟುವುದು. ಸಂಘದ ಸಭೆಗಳಲ್ಲಿ ಹೇಳಿದ್ದನ್ನು ಹಲಗೆಯ ಮೇಲೆ ಬರೆಯಬಹುದು. ಕನ್ನಡದ ಮಾತನ್ನು ಒಡನೊಡನೆಯೇ ಅಕ್ಷರವಾಗಿ ತೋರಿಸುವ ಏರ್ಪಾಟು ಈಗ ಕೈಯಲ್ಲಿರುವ ದೂರವಾಣಿಯಲ್ಲಿಯೇ ಉಂಟು. ಅದನ್ನು ಹಿರಿಯರಿಗೆ ಹೇಳಿಕೊಡುವುದು ಮನೆಯ ಹುಡುಗರಿಗೆ ಒಂದು ಸಂಜೆಯ ಕೆಲಸ. ಅಪಾಯದ ಸೈರನ್ನಿನ ಜೊತೆಗೆ ಮಿಂಚುವ ದೀಪವೊಂದನ್ನಿಟ್ಟರೆ ಕೇಳದವನ ಪ್ರಾಣವೂ ಉಳಿಯುವುದು. ಇವುಗಳಲ್ಲಿ ಯಾವುದಕ್ಕೂ ಬೊಕ್ಕಸದ ಹಣ ಬೇಡ.

ಮನೆಯವರಿಗೆ ನಮ್ಮ ಬಿನ್ನಹ ಇನ್ನೂ ಚಿಕ್ಕದು. ಮಾತಾಡುವ ಮುನ್ನ ಭುಜ ಮುಟ್ಟಿ ಗಮನ ಸೆಳೆಯಿರಿ. ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ಎದುರು ನಿಲ್ಲಿರಿ. ಕೂಗಬೇಡಿರಿ, ಕೂಗಿದರೆ ಸ್ವರ ದೊಡ್ಡದಾಗುವುದೇ ಹೊರತು ಅಕ್ಷರ ಬಿಡಿಯಾಗದು. ತಿಳಿಯಲಿಲ್ಲವೆಂದರೆ ಅದೇ ಮಾತನ್ನು ಬೇರೆ ಪದಗಳಿಂದ ಹೇಳಿರಿ. “ಹೋಗಲಿ ಬಿಡಿ, ಏನೂ ಇಲ್ಲ” ಎಂದು ಮಾತ್ರ ಎಂದಿಗೂ ಹೇಳಬೇಡಿರಿ. ಆ ಮಾತು ಕೇಳದಿದ್ದರೂ ಅದರ ಅರ್ಥ ಅವರಿಗೆ ಚೆನ್ನಾಗಿ ತಿಳಿಯುತ್ತದೆ. ಕಿವಿ ನೊಂದರೆ ಬೆಳ್ಳುಳ್ಳಿ ಕಾಸಿದ ಎಣ್ಣೆ ಹೊಯ್ಯುವುದನ್ನೂ ಕಡ್ಡಿಯಿಂದ ಕೆದಕುವುದನ್ನೂ ಬಿಡಿರಿ. ಕಿವಿ ಇದ್ದಕ್ಕಿದ್ದಂತೆ ಒಂದೆರಡು ದಿನಗಳಲ್ಲಿ ಕೇಳದಾದರೆ ಅದು ತುರ್ತಿನ ಸಂಗತಿಯೆಂದು ತಿಳಿದು ಅಂದೇ ವೈದ್ಯರಲ್ಲಿಗೆ ಹೋಗಿರಿ. ತಡಮಾಡಿದಷ್ಟೂ ಗುಣವಾಗುವ ಆಸೆ ಕುಂದುವುದು.

೨೦೧೧ರ ಜನಗಣತಿಯು ಭಾರತದಲ್ಲಿ ೫೦ ಲಕ್ಷಕ್ಕಿಂತ ಹೆಚ್ಚು ಮಂದಿ ಶ್ರವಣದೋಷವುಳ್ಳವರೆಂದು ಎಣಿಸಿತು. ಎಣಿಕೆಗೆ ಬಾರದೆ, ಬೀರುವಿನಲ್ಲಿ ಯಂತ್ರವನ್ನಿಟ್ಟುಕೊಂಡು, ಕೇಳಿದವರಂತೆ ತಲೆದೂಗುತ್ತಿರುವವರು ಇನ್ನೆಷ್ಟೋ. ಅವರಲ್ಲೊಬ್ಬರು ನಮ್ಮ ಮನೆಯಲ್ಲಿಯೋ ಎದುರು ಮನೆಯಲ್ಲಿಯೋ ಇರಬಹುದು. ಈ ತಿಂಗಳೊಳಗಾಗಿ ಅಂಥವರೊಬ್ಬರನ್ನು ಪರೀಕ್ಷೆಗೆ ಕರೆದುಕೊಂಡು ಹೋಗಿ, ಅವರ ಸರದಿ ಬರುವವರೆಗೆ ಪಕ್ಕದಲ್ಲಿ ಕುಳಿತುಬರುವ ಕೆಲಸವನ್ನು ವಾಚಕರು ಕೈಕೊಂಡರೆ ನಮ್ಮ ಬರವಣಿಗೆ ಸಾರ್ಥಕವಾದೀತು.